ಹಳೇ ಶೆವಿ ಪಿಕಪ್‌ನ ಪಕ್ಕದ ಟ್ಯಾಂಕ್: ಇಟ್ಟುಕೊಳ್ಳೋದಾ, ಬದಲಿಸೋದಾ?

ಪ್ರಶ್ನೆ: ನಮ್ಮದು ಹಾಸನ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಕಳೆದ ವರ್ಷ 1979ರ ಶೆವ್ರೊಲೆ ಸಿ-10 ಪಿಕಪ್ ಕೊಂಡೆ. ಉದ್ದ ಬೆಡ್ (ಸಾಮಾನು ಹಾಕುವ ಹಿಂಭಾಗ), ವಿ8 ಎಂಜಿನ್, ಎಡಕ್ಕೊಂದು ಬಲಕ್ಕೊಂದು ಪೆಟ್ರೋಲ್ ಟ್ಯಾಂಕ್. ಎಲ್ಲ ಒರಿಜಿನಲ್. ವಾರಾಂತ್ಯದಲ್ಲಿ ಓಡಿಸುತ್ತೇನೆ, ಕೆಲವೊಮ್ಮೆ ಎಂಟು ವರ್ಷದ ಮಗಳನ್ನು ಈಜು ಕ್ಲಾಸಿಗೆ ಅದರಲ್ಲೇ ಬಿಡುತ್ತೇನೆ. ಆಫೀಸಿನಲ್ಲಿ ಒಬ್ಬರು 'ಪಕ್ಕದಲ್ಲಿ ಬಾಂಬ್ ಕಟ್ಟಿಕೊಂಡು ಓಡಾಡ್ತೀಯಲ್ಲ' ಅಂದರು. ಇಲ್ಲಿನ ಮೆಕ್ಯಾನಿಕ್ 'ಅದೆಲ್ಲ ಟಿವಿಯವರು ತಾವೇ ಬೆಂಕಿ ಹಚ್ಚಿ ಹುಟ್ಟಿಸಿದ ಸುಳ್ಳು' ಅಂತಾರೆ. ನಮ್ಮೂರ ಲಾರಿಗಳ ಟ್ಯಾಂಕೂ ಪಕ್ಕದಲ್ಲೇ ಇರುತ್ತೆ ಅಲ್ವಾ, ಯಾರೂ ಹೆದರಲ್ಲ. ಟ್ಯಾಂಕನ್ನು ಹಿಂದಕ್ಕೆ ಹಾಕುವ ಕಿಟ್ ಸಿಗುತ್ತದೆ. ಹಾಕಿಸಲೇ? ಇಲ್ಲ, ಅರ್ಧ ಟ್ಯಾಂಕ್ ಮಾತ್ರ ತುಂಬಿಸಿ ಓಡಿಸಿದರೆ ಸಾಕಾ? ಇದರ ಬದಲು 1970ರ ಮಾಡೆಲ್ ತಗೊಂಡಿದ್ದರೆ ಚೆನ್ನಾಗಿತ್ತಾ?

ಉತ್ತರ: ನಿಮ್ಮ ಸಹೋದ್ಯೋಗಿಯ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಮೆಕ್ಯಾನಿಕ್ ಮಾತಿನಲ್ಲೂ ಇದೆ. ಆದರೆ ಮೆಕ್ಯಾನಿಕ್ ಹೇಳಿದ್ದನ್ನು ನಂಬಿ ನೆಮ್ಮದಿಯಾಗಿ ಕೂರಬೇಡಿ. ಟಿವಿಯವರು ಮೋಸ ಮಾಡಿದ್ದು ನಿಜ. ಅಷ್ಟಕ್ಕೇ ನಿಮ್ಮ ಟ್ಯಾಂಕ್ ಇರುವ ಜಾಗ ಒಳ್ಳೆಯ ಜಾಗ ಆಗಿಬಿಡುವುದಿಲ್ಲ.

ಆ ಟಿವಿ ಕಥೆ ಇಷ್ಟು. 1992ರ ನವೆಂಬರ್ 17ರಂದು ಅಮೆರಿಕದ ಟಿವಿ ಚಾನೆಲ್ ಎನ್‌ಬಿಸಿಯ 'ಡೇಟ್‌ಲೈನ್' ಕಾರ್ಯಕ್ರಮದಲ್ಲಿ ಈ ಪಿಕಪ್‌ಗೆ ಪಕ್ಕದಿಂದ ಕಾರು ಗುದ್ದಿಸಿ ತೋರಿಸಿದರು. ಗುದ್ದಿದ ತಕ್ಷಣ ಬೆಂಕಿ ಎದ್ದಿತು. ಆಮೇಲೆ ಗೊತ್ತಾಗಿದ್ದು, ಬೆಂಕಿ ಖಂಡಿತ ಹತ್ತಲಿ ಅಂತ ಗಾಡಿಯ ಕೆಳಗೆ ಆಟಿಕೆ ರಾಕೆಟ್ಟಿನ ಎಂಜಿನ್ ಕಟ್ಟಿದ್ದರು. ಆ ಗಾಡಿಗೆ ಹಾಕಿದ್ದ ಪೆಟ್ರೋಲ್ ಮುಚ್ಚಳವೂ ಸರಿಯಾಗಿ ಕೂರುವಂಥದ್ದಲ್ಲ. ಶೆವ್ರೊಲೆ ತಯಾರಿಸುವ ಕಂಪನಿ ಜನರಲ್ ಮೋಟಾರ್ಸ್ ಆ ಗಾಡಿಗಳನ್ನು ಗುಜರಿಯಲ್ಲಿ ಹುಡುಕಿ ತೆಗೆದು, 1993ರ ಫೆಬ್ರವರಿಯಲ್ಲಿ ಕೇಸು ಹಾಕಿತು. ಮರುದಿನವೇ ಎನ್‌ಬಿಸಿ ಟಿವಿಯಲ್ಲಿ ಕ್ಷಮೆ ಕೇಳಿತು. ಅವರ ಸುದ್ದಿ ವಿಭಾಗದ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಜನರ ನೆನಪಿನಲ್ಲಿ ಉಳಿದದ್ದು ಇಷ್ಟೇ.

ಉಳಿಯದೇ ಹೋದದ್ದು ಇನ್ನೊಂದು ಭಾಗ. ಆ ಕ್ಷಮೆಗೆ ಕೆಲವೇ ದಿನ ಮೊದಲು ಅಟ್ಲಾಂಟಾದ ಜ್ಯೂರಿ ಇಂಥದ್ದೇ ಪಿಕಪ್‌ನಲ್ಲಿ ಬೆಂದು ಸತ್ತ ಒಬ್ಬ ಹದಿಹರೆಯದ ಹುಡುಗನ ಕೇಸಿನಲ್ಲಿ ಕಂಪನಿ 10 ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಡಬೇಕು ಎಂದಿತ್ತು. ಮೇಲಿನ ಕೋರ್ಟು ಮರುವರ್ಷ ಆ ತೀರ್ಪನ್ನು ರದ್ದು ಮಾಡಿತು, ಅದನ್ನೂ ಹೇಳಲೇಬೇಕು. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಾರಿಗೆ ಸಚಿವ ಫೆಡೆರಿಕೊ ಪೆನ್ಯಾ ಈ ಗಾಡಿಗಳಲ್ಲಿ ಸುರಕ್ಷತಾ ದೋಷ ಇದೆ ಎಂದು ಪ್ರಾಥಮಿಕ ನಿರ್ಧಾರ ಪ್ರಕಟಿಸಿದರು. ಪಕ್ಕದಿಂದ ಡಿಕ್ಕಿಯಾಗಿ ಬೆಂಕಿ ಹತ್ತಿ ಸುಮಾರು 150 ಜನ ಸತ್ತಿದ್ದಾರೆ ಅನ್ನುವುದು ಅವರ ಇಲಾಖೆಯ ಲೆಕ್ಕ. ಎರಡೇ ತಿಂಗಳಿಗೆ ರಾಜಿಯಾಯಿತು. ಕಂಪನಿ 5 ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿ ಹಣವನ್ನು ಸುರಕ್ಷತಾ ಕಾರ್ಯಕ್ರಮಗಳಿಗೆ ಕೊಟ್ಟಿತು. ಗಾಡಿಗಳನ್ನು ವಾಪಸ್ ಕರೆಸಲಿಲ್ಲ. ಹಾಗಾಗಿ ನಿಮ್ಮ ಗಾಡಿಯ ಟ್ಯಾಂಕನ್ನು ಯಾರೂ ಸರಿ ಮಾಡಿಲ್ಲ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದೆ.

ವಾಪಸ್ ಕರೆಸದೇ ಇರಲು ಒಂದು ಕಾರಣವಿತ್ತು. ಆಗಿನ ಕಾನೂನಿನ ಪರೀಕ್ಷೆಯಲ್ಲಿ ಗಾಡಿ ಪಾಸಾಗಿತ್ತು. ಅಮೆರಿಕದ 301ನೇ ನಂಬರಿನ ಸುರಕ್ಷತಾ ನಿಯಮದ ಪ್ರಕಾರ ಪಕ್ಕದಿಂದ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪೆಟ್ರೋಲ್ ಎಷ್ಟು ಸೋರುತ್ತದೆ ಎಂದು ನೋಡುತ್ತಿದ್ದರು. ಅಷ್ಟು ಏಟನ್ನು ಈ ಟ್ಯಾಂಕ್ ತಡೆದುಕೊಳ್ಳುತ್ತದೆ. ಆದರೆ ಟೆಕ್ಸಾಸ್‌ನ ಹೆದ್ದಾರಿ ಕ್ರಾಸಿನಲ್ಲಿ ಸಿಗ್ನಲ್ ಹಾರಿಸಿಕೊಂಡು ಬರುವವನು 20 ಮೈಲಿಯಲ್ಲಿ ಬರುತ್ತಾನಾ? 50 ಮೈಲಿಯಲ್ಲಿ ಬಂದರೆ ಏಟಿನ ಶಕ್ತಿ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಜಾಸ್ತಿ. ಪಾಸಾದ ಸರ್ಟಿಫಿಕೇಟು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ಗಾಡಿಯ ಪಕ್ಕ ಕೂತು ಕೆಳಗೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಹಿಂದಿನವರೆಗೆ ಎರಡು ದಪ್ಪ ಉಕ್ಕಿನ ತೊಲೆಗಳು ಹೋಗುತ್ತವೆ, ಅವೇ ಫ್ರೇಮ್ ರೈಲ್. ಇಡೀ ಗಾಡಿಯಲ್ಲಿ ಗಟ್ಟಿ ಅಂತ ಇರುವುದು ಅದೊಂದೇ. ಕ್ಯಾಬಿನ ಹಿಂಭಾಗ ಮತ್ತು ಬೆಡ್ಡಿನ ಮುಂಭಾಗದ ಕೆಳಗೆ, ಆ ರೈಲಿನ ಹೊರಗಡೆ, ಎರಡು ಪಟ್ಟಿಗಳಲ್ಲಿ ಟ್ಯಾಂಕ್ ನೇತಾಡುತ್ತಿರುತ್ತದೆ. ಟ್ಯಾಂಕಿಗೂ ರಸ್ತೆಗೂ ನಡುವೆ ಇರುವುದು ಬೆಡ್ಡಿನ ಪಕ್ಕದ ತಗಡು ಮಾತ್ರ. ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಕ್ಕೆ ಬಗ್ಗುತ್ತದೆ. 'ಹಳೇ ಕಾಲದ ಗಟ್ಟಿ ಕಬ್ಬಿಣ' ಅಂತ ಎಲ್ಲರೂ ಹೇಳುತ್ತಾರೆ. ಆ ಗಟ್ಟಿ ಕಬ್ಬಿಣ ಇಲ್ಲಿ ಟ್ಯಾಂಕಿನ ತಪ್ಪು ಬದಿಯಲ್ಲಿದೆ. ಬಂದು ಗುದ್ದಿದ ಕಾರಿನ ಮೂತಿ ಒಂದು ಕಡೆ, ಬಗ್ಗದ ರೈಲು ಇನ್ನೊಂದು ಕಡೆ, ನಡುವೆ ಪೆಟ್ರೋಲ್.

ಡಿಕ್ಕಿಯಾದ ಗಾಡಿಗಳ ಇಂಧನ ವ್ಯವಸ್ಥೆಯನ್ನು ಬಿಚ್ಚಿ ನೋಡುವುದು ನನ್ನ ಕೆಲಸ. ಟ್ಯಾಂಕ್ ಯಾವಾಗಲೂ ಚೂಪಾದದ್ದು ಚುಚ್ಚಿ ತೂತಾಗುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗೂ ಆಗುತ್ತದೆ. ಆದರೆ ಜೋರಾಗಿ ಜಜ್ಜಿದಾಗ ಜಾಸ್ತಿ ಬಿಟ್ಟುಕೊಳ್ಳುವುದು ಜೋಡಣೆಗಳು. ಟ್ಯಾಂಕಿನ ಎರಡು ಅರ್ಧ ಸೇರುವ ಅಂಚು, ಪೆಟ್ರೋಲ್ ಮಟ್ಟ ತೋರಿಸುವ ಸೆಂಡಿಂಗ್ ಯೂನಿಟ್ಟಿನ ರಿಂಗು, ತುಂಬಿಸುವ ಕೊಳವೆಯ ರಬ್ಬರ್ ಹೋಸು. ತುಂಬಿದ ಹಾಲಿನ ಪ್ಯಾಕೆಟ್ಟನ್ನು ಜೋರಾಗಿ ಅದುಮಿದರೆ ಒಡೆಯುವುದು ಅಂಚಿನಲ್ಲೇ, ಇಲ್ಲೂ ಅಷ್ಟೇ. ಕೊಳವೆಯ ಬಾಯಿ ಬೆಡ್ಡಿಗೆ ಸ್ಕ್ರೂ ಆಗಿರುತ್ತದೆ, ಟ್ಯಾಂಕ್ ಫ್ರೇಮಿಗೆ ಕಟ್ಟಿರುತ್ತದೆ. ಏಟು ಬಿದ್ದಾಗ ಬೆಡ್ ಒಂದು ಕಡೆ, ಫ್ರೇಮ್ ಒಂದು ಕಡೆ. ಹೋಸು ಕಿತ್ತು ಬಂತು ಅಂದರೆ ಅಷ್ಟಗಲದ ಬಾಯಿ ತೆರೆದುಕೊಂಡ ಹಾಗೆ.

ಸೋರಿದ ಪೆಟ್ರೋಲಿಗೆ ಕಿಡಿ ಸಿಗುವುದು ಕಷ್ಟವಲ್ಲ. ರಸ್ತೆಗೆ ಉಜ್ಜುವ ಲೋಹ, ಒಡೆದ ಹೆಡ್‌ಲೈಟು, ತುಂಡಾದ ಬ್ಯಾಟರಿ ವೈರು, ಯಾವುದಾದರೂ ಆದೀತು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹಾಗಂತ ಸಿನಿಮಾದಲ್ಲಿ ತೋರಿಸುವ ಹಾಗೆ ಟ್ಯಾಂಕ್ ಢಮ್ ಅಂತ ಸಿಡಿಯುವುದಿಲ್ಲ. ಮಾಮೂಲಿ ಹವೆಯಲ್ಲಿ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟ ಅಂದರೆ ಹತ್ತಿಕೊಳ್ಳಲು ಬೇಕಾದ ಗಾಳಿಯೇ ಇರುವುದಿಲ್ಲ. ಉರಿಯುವುದು ಹೊರಗೆ ಚೆಲ್ಲಿದ್ದು. ಆದ್ದರಿಂದ 'ಬಾಂಬ್' ಅನ್ನುವ ಮಾತು ತಪ್ಪು. ಆದರೆ ಚೆಲ್ಲಿದ್ದು ಕ್ಯಾಬಿನ ಬುಡದಲ್ಲೇ ಹರಡುತ್ತದೆ, ಬಾಗಿಲು ಆ ಕಡೆಯೇ ಜಜ್ಜಿಹೋಗಿರುತ್ತದೆ. ಒಳಗಿದ್ದವರಿಗೆ ಸಿಗುವ ಸಮಯ ತುಂಬಾ ಕಡಿಮೆ. ಈ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಅದಕ್ಕೇ. ಡಿಕ್ಕಿಯಲ್ಲಿ ಬದುಕಿದವರು ಬೆಂಕಿಯಲ್ಲಿ ಸಾಯುವುದು ತಪ್ಪಿಸಬಹುದಾದ ಸಾವು.

ಅಷ್ಟಕ್ಕೂ ಟ್ಯಾಂಕನ್ನು ಅಲ್ಲಿ ಯಾಕೆ ಇಟ್ಟರು? ಇಲ್ಲೇ ನಿಮ್ಮ 1970ರ ಮಾಡೆಲಿನ ಪ್ರಶ್ನೆಗೂ ಉತ್ತರ ಇದೆ. 1972ರವರೆಗಿನ ಶೆವಿ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬಿನ ಒಳಗೆ, ಸೀಟಿನ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. 60ರ ದಶಕದ ಫೋರ್ಡ್, ಡಾಡ್ಜ್ ಪಿಕಪ್‌ಗಳಲ್ಲೂ ಹಾಗೇ. ಹೊರಗಿನ ಏಟು ಅದಕ್ಕೆ ನೇರವಾಗಿ ತಾಗುವುದು ಕಡಿಮೆ, ನಿಜ. ಆದರೆ ಸೋರಿದರೆ ನಿಮ್ಮ ಬೆನ್ನಿನ ಮೇಲೆ, ಸೀಟಿನ ಮೇಲೆ. ಅದನ್ನು ಹೊರಗೆ ಹಾಕಿದ್ದು ಸರಿಯಾದ ಯೋಚನೆಯೇ. 1973ರ ಹೊಸ ವಿನ್ಯಾಸದಲ್ಲಿ ಹೊರಗೇನೋ ಹಾಕಿದರು, ಆದರೆ ರೈಲಿನ ಒಳಗೆ ಹಾಕಲಿಲ್ಲ. ಒಳಗೆ ಪ್ರೊಪೆಲ್ಲರ್ ಶಾಫ್ಟು, ಸೈಲೆನ್ಸರ್ ಕೊಳವೆ, ಹಿಂದೆ ಸ್ಟೆಪ್ನಿ. ಹೊರಗಡೆ ಬೇಕಾದಷ್ಟು ಜಾಗ. ಎರಡು ಟ್ಯಾಂಕ್ ಕೂರಿಸಿದರೆ 40 ಗ್ಯಾಲನ್, ಸುಮಾರು 150 ಲೀಟರ್. ದೂರದ ಊರುಗಳ ಗಿರಾಕಿಗೆ ಅದು ದೊಡ್ಡ ಆಕರ್ಷಣೆ. 1988ರ ಮಾಡೆಲ್ ಬಂದಾಗ ಅದೇ ಕಂಪನಿ ಟ್ಯಾಂಕನ್ನು ರೈಲಿನ ಒಳಗೆ ತಂದಿತು. ಜಾಗ ಮಾಡಿದರೆ ಆಗುತ್ತಿತ್ತು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. 1970ರ ಗಾಡಿ ತಗೊಂಡಿದ್ದರೂ ಟ್ಯಾಂಕ್ ಬದಲಿಸಿ ಅಂತಲೇ ಹೇಳುತ್ತಿದ್ದೆ, ಬಹುಶಃ ಇನ್ನೂ ಜೋರಾಗಿ.

ನಮ್ಮೂರ ಲಾರಿಗಳ ವಿಷಯಕ್ಕೆ ಬರೋಣ. ಅವು ಡೀಸೆಲ್ ಗಾಡಿಗಳು. ಡೀಸೆಲ್ ಚೆಲ್ಲಿದರೆ ತಕ್ಷಣ ಆವಿಯಾಗಿ ಹತ್ತಿಕೊಳ್ಳುವುದಿಲ್ಲ, ಮೊದಲು ಬಿಸಿಯಾಗಬೇಕು. ಆ ವ್ಯತ್ಯಾಸ ತುಂಬಾ ದೊಡ್ಡದು. ಆದರೆ 'ಯಾರೂ ಹೆದರಲ್ಲ' ಅನ್ನುವುದನ್ನು ನಾನು ಒಪ್ಪುವುದಿಲ್ಲ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಗುದ್ದಿ, ಡೀಸೆಲ್ ಟ್ಯಾಂಕ್ ಒಡೆದು, 45 ಜನ ಬೆಂದುಹೋದರು. ಎರಡೇ ವಾರಕ್ಕೆ ಹಾವೇರಿ ಹತ್ತಿರ ಇನ್ನೊಂದು ಬಸ್ಸು ಹಾಗೇ ಉರಿಯಿತು. ಡೀಸೆಲ್ ಕೂಡ ಏಟಿನ ರಭಸಕ್ಕೆ ತುಂತುರಾಗಿ ಹಾರಿ ಬಿಸಿ ಲೋಹಕ್ಕೋ ಕಿಡಿಗೋ ಸಿಕ್ಕರೆ ಹತ್ತುತ್ತದೆ. ಟ್ಯಾಂಕ್ ಎಲ್ಲಿದೆ, ಅದಕ್ಕೆ ಏನು ತಾಗಬಹುದು ಅನ್ನುವುದು ಯಾವ ಇಂಧನಕ್ಕಾದರೂ ಮುಖ್ಯ. ಪೆಟ್ರೋಲಿಗೆ ಇನ್ನೂ ಮುಖ್ಯ.

ಅರ್ಧ ಟ್ಯಾಂಕ್? ಸ್ವಲ್ಪ ಸಹಾಯ ಆಗುತ್ತದೆ. ಒಳಗೆ ಗಾಳಿ ಇದ್ದರೆ ಜಜ್ಜಿದಾಗ ಒತ್ತಡ ಏರಲು ಸ್ವಲ್ಪ ತಡವಾಗುತ್ತದೆ, ಸೋರುವುದೂ ಕಡಿಮೆ. ಆದರೆ ಬೆಂಕಿಗೆ ಐದು ಲೀಟರ್ ಧಾರಾಳವಾಗಿ ಸಾಕು. ನಾಝಲ್ ಕ್ಲಿಕ್ ಅಂದ ಮೇಲೂ ಕತ್ತಿನವರೆಗೆ ತುಂಬಿಸುವ ಅಭ್ಯಾಸ ಇದ್ದರೆ ಬಿಡಿ. ಅದಕ್ಕಿಂತ ಜಾಸ್ತಿ ಭರವಸೆ ಇದರ ಮೇಲೆ ಇಡಬೇಡಿ.

ಟ್ಯಾಂಕಿನ ಹೊರಗೆ ಉಕ್ಕಿನ ಪ್ಲೇಟು ಹಾಕಿಸುವವರೂ ಇದ್ದಾರೆ. ಪಕ್ಕದಲ್ಲಿ ಸವರಿಕೊಂಡು ಹೋಗುವ ಡಿಕ್ಕಿಗೆ ಅದು ಉಪಯೋಗವಾದೀತು. ನೇರವಾಗಿ ಬಂದು ಗುದ್ದಿದರೆ ಪ್ಲೇಟೂ ಸೇರಿ ಒಳಗೆ ಬರುತ್ತದೆ, ಅದರ ಬ್ರಾಕೆಟ್ಟಿನ ಮೂಲೆಯೇ ಟ್ಯಾಂಕನ್ನು ಚುಚ್ಚಬಹುದು. ನನಗೆ ಈ ದಾರಿ ಇಷ್ಟವಿಲ್ಲ.

ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಕಿಟ್. ಅದರಲ್ಲಿ ಸಾಮಾನ್ಯವಾಗಿ ಶೆವಿ ಬ್ಲೇಜರ್ ಮಾದರಿಯ ಟ್ಯಾಂಕ್ ಇರುತ್ತದೆ. ಅದು ಹಿಂದಿನ ಆಕ್ಸಲ್ ಆದ ಮೇಲೆ, ಎರಡು ರೈಲುಗಳ ನಡುವೆ, ಸ್ಟೆಪ್ನಿ ಇದ್ದ ಜಾಗದಲ್ಲಿ ಕೂರುತ್ತದೆ. ಪಕ್ಕದ ಏಟಿಗೆ ಈಗ ಮೊದಲು ಸಿಗುವುದು ರೈಲು, ಆಮೇಲೆ ಟ್ಯಾಂಕ್. ಇಷ್ಟಾದರೆ ದೊಡ್ಡ ಲಾಭ. ಬದಲಿಗೆ ಈಗ ಹಿಂದಿನ ಏಟಿನ ಬಗ್ಗೆ ಯೋಚಿಸಬೇಕು. ಫೋರ್ಡ್ ಪಿಂಟೊ ಕಾರಿನ ಕಥೆ ಕೇಳಿರುತ್ತೀರಿ. ಅದರಲ್ಲಿ ಟ್ಯಾಂಕ್ ಆಕ್ಸಲ್‌ಗೂ ಬಂಪರ್‌ಗೂ ನಡುವೆ ಇತ್ತು. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಬಂದು ಡಿಫರೆನ್ಷಿಯಲ್ಲಿನ (ಆಕ್ಸಲ್ ನಡುವಿನ ಗೇರ್ ಡಬ್ಬಿಯ) ಬೋಲ್ಟುಗಳಿಗೆ ತಾಗಿ ತೂತಾಗುತ್ತಿತ್ತು, ತುಂಬಿಸುವ ಕೊಳವೆ ಕಿತ್ತು ಬರುತ್ತಿತ್ತು. 1978ರಲ್ಲಿ ಸುಮಾರು 15 ಲಕ್ಷ ಕಾರು ವಾಪಸ್ ಕರೆಸಿ, ನಡುವೆ ಪ್ಲಾಸ್ಟಿಕ್ ತಡೆ ಹಾಕಿ, ಕೊಳವೆಯನ್ನು ಉದ್ದ ಮಾಡಿದರು. ಪಿಕಪ್‌ಗೆ ಪಿಂಟೊದಲ್ಲಿ ಇಲ್ಲದ ಅನುಕೂಲ ಒಂದಿದೆ. ಟ್ಯಾಂಕಿನ ಹಿಂದಕ್ಕೂ ಗಟ್ಟಿ ರೈಲು ಚಾಚಿಕೊಂಡಿರುತ್ತದೆ, ಅದೇ ಮೊದಲ ಏಟು ತಿನ್ನುತ್ತದೆ. ಕೊನೆಯಲ್ಲಿ ಅಡ್ಡ ತೊಲೆ, ಗಟ್ಟಿ ಬಂಪರ್ ಇದ್ದರೆ ಇನ್ನೂ ಒಳ್ಳೆಯದು.

ಹೀಗಾಗಿ ಕಿಟ್ ಹಾಕಿಸಿ ಅಂತಲೇ ನಾನು ಹೇಳುತ್ತೇನೆ. ಆದರೆ ಹಾಕುವ ಕೆಲಸ ಕೆಟ್ಟರೆ ಹಳೇದೇ ವಾಸಿ ಅನ್ನಿಸಿಬಿಡುತ್ತದೆ. ನನ್ನ ಕೈಗೆ ಬಂದ ಕೆಟ್ಟ ಕೆಲಸಗಳಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೇಲರ್ ಹಿಚ್, ಅಂದರೆ ಟ್ರೇಲರ್ ಎಳೆಯಲು ಹಿಂದೆ ಹಾಕುವ ಕೊಂಡಿ. ಅದರ ಬೋಲ್ಟುಗಳ ಚೂಪು ತುದಿ ಟ್ಯಾಂಕಿನ ಕಡೆಗೇ ಮುಖ ಮಾಡಿರುತ್ತದೆ. ತಿರುಗಿಸಿ ಹಾಕಲು ಎರಡೇ ನಿಮಿಷ, ಆದರೆ ಯಾರೂ ನೋಡುವುದಿಲ್ಲ. ಇನ್ನೊಂದು, ಗಾಡಿಯ ಎತ್ತರವನ್ನು ತಗ್ಗಿಸಿದ ಮೇಲೆ ಆಕ್ಸಲ್ ಮೇಲೆ ಬಂದಾಗ ಡಿಫರೆನ್ಷಿಯಲ್‌ಗೂ ಟ್ಯಾಂಕಿಗೂ ಎಷ್ಟು ಅಂತರ ಉಳಿಯುತ್ತದೆ ಅಂತ ಅಳೆಯದೇ ಇರುವುದು. ಸ್ಪ್ರಿಂಗ್ ಪೂರ್ತಿ ಕುಗ್ಗಿಸಿ ಅಳೆಯಬೇಕು, ಸುಮ್ನೆ ನಿಂತಾಗ ಅಲ್ಲ. ತುಂಬಿಸುವ ಬಾಯಿಯನ್ನು ಬೆಡ್ಡಿನ ನೆಲದಲ್ಲೇ ಇಡುವವರಿದ್ದಾರೆ, ನೋಡಲು ಚೆಂದ ಅಂತ. ಅಲ್ಲಿ ಚೆಲ್ಲಿದ ಪೆಟ್ರೋಲ್ ಬೆಡ್ಡಿನಲ್ಲೇ ಹರಡಿ ಸಂದಿಗಳಲ್ಲಿ ಟ್ಯಾಂಕಿನ ಮೇಲೆ ಇಳಿಯುತ್ತದೆ. ಪಕ್ಕದಲ್ಲೇ ಇರಲಿ, ಆದರೆ ಹೋಸಿಗೆ ಸ್ವಲ್ಪ ಸಡಿಲ ಕೊಡಿ, ಟ್ಯಾಂಕಿನ ಬಾಯಿಯಲ್ಲಿ ಒನ್‌ವೇ ವಾಲ್ವ್ ಇರಲಿ. ಗಾಳಿ ಹೋಗುವ ಕೊಳವೆಗೆ ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಬೇಕು, ಅದನ್ನು ಪೆಟ್ರೋಲ್ ಆವಿ ಹೀರಿಕೊಳ್ಳುವ ಇದ್ದಿಲ ಡಬ್ಬಿಗೇ ಜೋಡಿಸಬೇಕು, ಸುಮ್ನೆ ಹೊರಗೆ ಬಿಡಬಾರದು.

ಇನ್ನೂ ಒಳ್ಳೆಯ ಜಾಗ ಒಂದಿದೆ. ಆಕ್ಸಲ್‌ಗೆ ಮುಂದೆ, ರೈಲಿನ ಒಳಗೆ, ಪ್ರೊಪೆಲ್ಲರ್ ಶಾಫ್ಟಿನ ಪಕ್ಕ. ಈಗಿನ ಹೆಚ್ಚಿನ ಪಿಕಪ್‌ಗಳಲ್ಲಿ ಟ್ಯಾಂಕ್ ಇರುವುದು ಅಲ್ಲೇ. ಹಿಂದಿನಿಂದಲೂ ಪಕ್ಕದಿಂದಲೂ ಏಟು ತಲುಪುವುದು ಕಷ್ಟ. ಹಳೇ ಫ್ರೇಮಿನಲ್ಲಿ ಅಲ್ಲಿ ಚಿಕ್ಕ ಟ್ಯಾಂಕ್ ಮಾತ್ರ ಹಿಡಿಸುತ್ತದೆ, ಸೈಲೆನ್ಸರ್ ಶಾಖಕ್ಕೆ ತಡೆ ಬೇಕು, ಶಾಫ್ಟು ಕಳಚಿ ಬಿದ್ದರೆ ಟ್ಯಾಂಕಿಗೆ ಹೊಡೆಯದ ಹಾಗೆ ಉಕ್ಕಿನ ಬಳೆ ಹಾಕಬೇಕು. ಖರ್ಚು ಜಾಸ್ತಿ, ಮಾಡಬಲ್ಲವರು ಕಡಿಮೆ. ಹತ್ತಿರದಲ್ಲಿ ಒಳ್ಳೆಯ ಫ್ಯಾಬ್ರಿಕೇಟರ್ ಇದ್ದು ವಾರಾಂತ್ಯದ ಓಡಾಟಕ್ಕೆ ಅಷ್ಟು ಪೆಟ್ರೋಲ್ ಸಾಕು ಅಂದರೆ ನಾನು ಇದನ್ನೇ ಆರಿಸುತ್ತೇನೆ. ರೇಸಿನವರ ಫ್ಯೂಯಲ್ ಸೆಲ್ ಬಗ್ಗೆ ಕೆಲವರು ಹೇಳುತ್ತಾರೆ. ಒಳಗೆ ರಬ್ಬರ್ ಚೀಲ, ಅದರಲ್ಲಿ ಫೋಮ್. ಏಟಿಗೆ ಬಹಳ ಒಳ್ಳೆಯದು. ಆದರೆ ರೇಸಿಗೆಂದು ಪ್ರಮಾಣೀಕರಿಸಿದ ಚೀಲಕ್ಕೆ ಐದು ವರ್ಷ ಎಂಬ ಗಡುವು ಇರುತ್ತದೆ. ಆಮೇಲೆ ಬದಲಿಸುತ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಫೋಮ್ ಮಾತ್ರ ತುಂಬಿದ ಬರೀ ಪ್ಲಾಸ್ಟಿಕ್ ಡಬ್ಬಿಯನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಅದು ಬೇಡ.

ಹಳೇ ಟ್ಯಾಂಕ್‌ಗಳನ್ನು ಸುಮ್ನೆ ನೇತಾಡಲು ಬಿಡಬೇಡಿ, ಎರಡನ್ನೂ ಇಳಿಸಿ. 'ಖಾಲಿ ಇದೆ' ಅಂತ ಯಾರಾದರೂ ವೆಲ್ಡಿಂಗ್ ಟಾರ್ಚ್ ಹಿಡಿದು ಹತ್ತಿರ ಬಂದರೆ ಅಲ್ಲೇ ತಡೆಯಿರಿ. ಟ್ಯಾಂಕ್ ನಿಜವಾಗಿ ಸಿಡಿಯುವುದು ಹೀಗೆ. ಪೆಟ್ರೋಲ್ ಆವಿ ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಭಾಗದಷ್ಟು ಬೆರೆತರೆ ಸಾಕು, ಮತ್ತು ಖಾಲಿ ಟ್ಯಾಂಕ್ ಬಾಯಿ ತೆರೆದು ಒಣಗಲು ಇಟ್ಟಾಗ ಸಿಗುವುದು ಆ ಮಿಶ್ರಣವೇ.

ಕಿಟ್ ಬರುವವರೆಗೆ, ಇವತ್ತೇ ಮಾಡಬಹುದಾದ ಕೆಲಸ ಹೋಸುಗಳದ್ದು. ಡಿಕ್ಕಿಯೇ ಆಗದೆ ಹಳೇ ಗಾಡಿಗಳು ಸುಡುವುದು ಬಹಳ ಸಲ ಇವುಗಳಿಂದಲೇ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಭಾಗ ಎಥನಾಲ್ ಇರುತ್ತದೆ. 1979ರ ರಬ್ಬರಿಗೆ ಅದರ ಅಭ್ಯಾಸವಿಲ್ಲ. ಹೋಸನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಗಟ್ಟಿಯಾಗಿದ್ದರೆ, ಬೆರಳಿಗೆ ಕಪ್ಪು ಅಂಟಿದರೆ ಅದರ ಆಯಸ್ಸು ಮುಗಿದಿದೆ. ನಿಮ್ಮದರಲ್ಲಿ ಎರಡು ಟ್ಯಾಂಕ್ ಇರುವುದರಿಂದ, ಯಾವುದರಿಂದ ಪೆಟ್ರೋಲ್ ಬರಬೇಕು ಅಂತ ಬದಲಿಸುವ ವಾಲ್ವ್ ಫ್ರೇಮಿನ ಮೇಲೆ ಇದೆ. ಅಲ್ಲಿನ ಪ್ರತಿ ಜೋಡಣೆಯೂ ಸೋರಬಹುದಾದ ಜಾಗ. ಎಲ್ಲವನ್ನೂ ಎಥನಾಲ್ ತಡೆಯುವ ಹೊಸ ಹೋಸಿಗೆ ಬದಲಿಸಿ, ಮುಚ್ಚಳಗಳನ್ನೂ ಆ ಗಾಡಿಗೇ ಸರಿಯಾದದ್ದು ಹಾಕಿ.

ಕಾರ್ಬೊರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕುವ ಯೋಚನೆ ಇದ್ದರೆ ಇನ್ನೊಂದು ಮಾತು. ಈಗಿರುವ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ, ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಗಲ್ಲ. ಕೊಳವೆ ತುಂಡಾಗಿದ್ದರೂ ಹತ್ತು ಪಟ್ಟು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮುತ್ತಲೇ ಇರಬಹುದು. ಏಟು ಬಿದ್ದ ಕೂಡಲೇ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಹಾಕದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಅದರ ಬೆಲೆ ಒಂದು ಟೈರಿಗಿಂತ ಕಡಿಮೆ.

ಕೊನೆಗೆ ಮಗಳ ವಿಷಯ. ಕೋಟಿ ಹತ್ತಿರ ಹತ್ತಿರ ಇಂಥ ಗಾಡಿಗಳು ರಸ್ತೆಗೆ ಬಂದವು. ಬಹುಪಾಲು ಎಂದೂ ಉರಿಯಲಿಲ್ಲ. ಬೆಂಕಿ ಭಯಾನಕ, ಆದರೆ ಅಪರೂಪ. ಈ ಗಾಡಿಯಲ್ಲಿ ಮಗುವಿಗೆ ಜಾಸ್ತಿ ಅಪಾಯ ಇರುವುದು ಮಾಮೂಲಿ ಡಿಕ್ಕಿಯಿಂದ. ಹಿಂದಿನ ಸೀಟಿಲ್ಲ, ಏರ್‌ಬ್ಯಾಗ್ ಇಲ್ಲ, ಬಾಗಿಲಿನ ಒಳಗೆ ಪಕ್ಕದ ಏಟು ತಡೆಯುವ ಬಲವನ್ನು ಪಿಕಪ್‌ಗಳಿಗೆ ಕಡ್ಡಾಯ ಮಾಡಿದ್ದೇ 1990ರ ದಶಕದಲ್ಲಿ. ಟ್ಯಾಂಕ್ ಬದಲಿಸಿದರೆ ಇವು ಯಾವುವೂ ಬದಲಾಗುವುದಿಲ್ಲ. ಈಜು ಕ್ಲಾಸಿಗೆ ಮನೆಯ ಇನ್ನೊಂದು ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕರೆದುಕೊಂಡು ಹೋಗಿ. ಪಿಕಪ್‌ನಲ್ಲಿ ಕೂರಲೇಬೇಕು ಅಂತ ಹಟ ಮಾಡುವ ದಿನ ಬರುತ್ತದೆ. ಆ ದಿನಕ್ಕೆ ಹೊಸ ಮೂರು ಪಾಯಿಂಟ್ ಬೆಲ್ಟು, ಅವಳ ಎತ್ತರಕ್ಕೆ ತಕ್ಕ ಬೂಸ್ಟರ್ ಸೀಟು ಇರಲಿ, ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ ಹೋಗಿ. ಸೊಂಟಕ್ಕೆ ಮಾತ್ರ ಬರುವ ನಡುವಿನ ಬೆಲ್ಟಿನಲ್ಲಿ ಅವಳನ್ನು ಕೂರಿಸಬೇಡಿ.

ಕಿಟ್ ಆರ್ಡರ್ ಮಾಡುವ ಮೊದಲು ಮೂರು ವಿಷಯ ಬರೆದು ಕಳುಹಿಸಿ: ಗಾಡಿ ತಗ್ಗಿಸಿದ್ದಾರಾ, ಹಿಂದೆ ಟ್ರೇಲರ್ ಹಿಚ್ ಇದೆಯಾ, ಆಕ್ಸಲ್ ಹಿಂದಿನ ರೈಲಿನಲ್ಲಿ ಸುತ್ತಿಗೆಯಿಂದ ತಟ್ಟಿದರೆ ಉದುರುವಷ್ಟು ತುಕ್ಕು ಇದೆಯಾ. ತುಕ್ಕು ಇದ್ದರೆ ಮೊದಲು ಫ್ರೇಮ್ ಕೆಲಸ, ಟ್ಯಾಂಕ್ ಆಮೇಲೆ.